ಪಾಲುಪತ್ರದಲ್ಲಿ ಬರೆಯದೆ ಉಳಿದ ವಿಳಾಸ

ಮುನೇಶ್ವರನಿಗೆ ಮರಿ ಕಡಿದ ಮಚ್ಚಿನಲ್ಲೇ ನನ್ನ ಗಂಡ ತಮ್ಮ ಒಡಹುಟ್ಟಿದ ತಮ್ಮನಿಗೆ ಹೊಡೆದರು. ತಗುಲಿದ್ದು ಮಚ್ಚಿನ ಬೆನ್ನು, ಅಲಗಲ್ಲ. ಕೈ ಮುರಿಯಿತು, ಕೈ ಹೋಗಲಿಲ್ಲ. ಇವತ್ತಿಗೂ ಬೆಳಗ್ಗೆ ದೀಪ ಹಚ್ಚುವಾಗ ದೇವರ ಮುಂದೆ ನಾನು ಮೊದಲು ಹೇಳಿಕೊಳ್ಳುವುದು ಇದನ್ನೇ. ಬೇರೆ ಬೇಡಿಕೆ ಆಮೇಲೆ.

ಹೊಡೆದದ್ದು ಒಂದು ಇ-ಮೇಲ್ ದೆಸೆಯಿಂದ. ಅದನ್ನು ಓದಿ ಹೇಳಿದವಳು ನಾನು.

ನಮ್ಮದು ಹೆಬ್ಬಾಳದ ಪಕ್ಕದ ಹಳೇ ಊರು. ಈಗ ಅದನ್ನು ಊರು ಅಂದರೆ ಆಟೋದವರೂ ನಗುತ್ತಾರೆ. ಸುತ್ತ ಹದಿನೈದು ಮಹಡಿಯ ಕಟ್ಟಡಗಳು, ನಡುವೆ ನಮ್ಮ ನಾಲ್ಕು ಬೀದಿ, ಒಂದು ಬೇವಿನ ಮರ, ಮರದ ಬುಡದಲ್ಲಿ ಮುನೇಶ್ವರ. ನಮ್ಮ ಅತ್ತೆ ತಮ್ಮ ತವರಿನಿಂದ ತಂದ ನಾಲ್ಕು ಕೊಪ್ಪರಿಗೆಗಳನ್ನು ಮದುವೆ ಮನೆಗಳಿಗೆ ಬಾಡಿಗೆ ಕೊಡುತ್ತಾ ಶುರುಮಾಡಿದ ಕಸುಬು ಬೆಳೆದು ಶಾಮಿಯಾನ ಅಂಗಡಿಯಾಯಿತು. ಕುರ್ಚಿ, ಪಾತ್ರೆ, ಬಟ್ಟೆ, ಕಂಬ, ಸೀರಿಯಲ್ ಲೈಟು, ಎಲ್ಲ ಬಂತು. ಅಂಗಡಿಗೆ ಅತ್ತೆಯ ಹೆಸರನ್ನೇ ಇಟ್ಟರು. ಅವರು ತೀರಿಕೊಂಡ ವರ್ಷ ನನ್ನ ಮೈದುನ ಅದೇ ಹೆಸರಿನಲ್ಲಿ ಒಂದು ವೆಬ್ ವಿಳಾಸ ಕೊಂಡು, ಫೋಟೊ ಹಾಕಿ, ಅಂಗಡಿಯ ಫೋನ್ ನಂಬರು, ಇ-ಮೇಲ್ ಹಾಕಿದ. ಗಂಗಾನಗರದ ಅಪಾರ್ಟ್‌ಮೆಂಟಿನವರು, ಯಲಹಂಕ ಕಡೆಯ ಹೊಸ ಬಡಾವಣೆಯವರು, ನಮ್ಮ ಮುಖ ನೋಡದವರೆಲ್ಲ ಆ ವಿಳಾಸ ನೋಡಿ ಫೋನು ಮಾಡತೊಡಗಿದರು. ಬೋರ್ಡು ನೋಡಿ ಬರುವವರು ನಿಂತೇಹೋಗಿದ್ದರು. ನಮ್ಮ ಒಲೆ ಉರಿಯುತ್ತಿದ್ದದ್ದು ಆ ವಿಳಾಸದಿಂದ.

ನಾನು ಮದುವೆಯಾಗಿ ಬಂದಾಗ ಮೈದುನ ಐದನೇ ಕ್ಲಾಸು. ಅವನ ತಲೆಗೆ ಎಣ್ಣೆ ಹಚ್ಚಿ ಸ್ಕೂಲಿಗೆ ಕಳಿಸಿದವಳು ನಾನು. ಅವನಿಗೂ ಮದುವೆಯಾದ ಮೇಲೆ ಅಣ್ಣತಮ್ಮಂದಿರಿಗೆ ಒಂದೇ ಅಂಗಡಿಯಲ್ಲಿ ಹೊಂದಲಿಲ್ಲ. ನನ್ನ ಗಂಡನ ಕೈ ಮಾತಿಗಿಂತ ಮುಂದೆ. ನನಗದು ಮೊದಲಿಂದ ಗೊತ್ತು, ಮೈದುನನಿಗೂ ಗೊತ್ತು. ದೂರವಿದ್ದರೆ ಚೆನ್ನಾಗಿರುತ್ತೇವೆ ಅಂತ ಅವನೇ ಪಾಲು ಕೇಳಿದ.

ಪಾಲು ಮಾಡಿದ್ದು ದೊಡ್ಡಪ್ಪನವರ ಜಗಲಿಯ ಮೇಲೆ. ಅವರು ನಮ್ಮ ಮಾವನವರ ಅಣ್ಣ, ಈ ವಂಶಕ್ಕೆ ಉಳಿದಿರುವ ಒಬ್ಬರೇ ಹಿರಿಯರು. ಎರಡು ದಿನ ಕೂತು ಬರೆದರು. ಕುರ್ಚಿ, ಕೊಪ್ಪರಿಗೆ, ಸೌಟು, ಜಾಲರಿ, ನೀರಿನ ಡ್ರಮ್ಮು, ಎಲ್ಲವನ್ನೂ ಜಗಲಿಗೆ ತಂದು ಎಣಿಸಿದರು. ಅನ್ನ ಬಸಿಯುವ ಒಂದು ಬುಟ್ಟಿಗಾಗಿ ಅರ್ಧ ದಿನ ಕಿತ್ತಾಡಿದರು. ಕೊನೆಗೆ ಅಂಗಡಿ, ಕುರ್ಚಿ, ಪಾತ್ರೆ ನಮಗೆ ಬಂತು. ಬಟ್ಟೆ, ಕಂಬ, ಲೈಟು, ಗೂಡ್ಸ್ ಆಟೋ ಮೈದುನನಿಗೆ ಹೋಯಿತು. ತಾಯಿಯ ಹೆಸರನ್ನು ಇಬ್ಬರೂ ಬೋರ್ಡಿನ ಮೇಲೆ ಹಾಕಿಕೊಳ್ಳಬಹುದು ಅಂತ ದೊಡ್ಡಪ್ಪ ತೀರ್ಮಾನ ಕೊಟ್ಟರು. ವೆಬ್ ವಿಳಾಸದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಜಗಲಿಗೆ ತಂದು ಇಡುವ ವಸ್ತು ಅದಲ್ಲ. ಕಣ್ಣಿಗೆ ಕಾಣದ್ದನ್ನು ನಾವು ಯಾರೂ ಆಸ್ತಿ ಅಂತ ತಿಳಿದಿರಲಿಲ್ಲ. ಕೊಂಡ ದಿನದಿಂದ ಅದು ಮೈದುನನ ಹೆಸರಿನಲ್ಲಿ, ಅವನ ಸ್ವಂತ ಇ-ಮೇಲ್‌ನಲ್ಲಿ ಇತ್ತು. ಪಾಲಾದ ಮೇಲೂ ಫೋನು ಮಾತ್ರ ನಮ್ಮ ಅಂಗಡಿಗೇ ಬರುತ್ತಿತ್ತು. ನಲ್ಲಿ ತಿರುಗಿಸಿದರೆ ನೀರು ಬರುತ್ತದಲ್ಲ, ಎಲ್ಲಿಂದ ಅಂತ ಕೇಳುತ್ತೇವೆಯೇ? ಹಾಗೆ.

ಮುನೇಶ್ವರನನ್ನು ಮಾತ್ರ ಪಾಲು ಮಾಡಲಾಗಲಿಲ್ಲ. ವರ್ಷಕ್ಕೊಮ್ಮೆ ಮರಿ ಕೊಡುವ ದಿನ ಎರಡೂ ಮನೆಯವರು ಬೇವಿನ ಮರದ ಕೆಳಗೆ ಸೇರಲೇಬೇಕು. ಅವತ್ತು ಅದೇ ದಿನ.

ಬೆಳಗ್ಗೆ ಪೂಜೆ ಮುಗಿಸಿ ಅಂಗಡಿಯ ಫೋನು ತೆಗೆದು ನೋಡುವುದು ನನ್ನ ಕೆಲಸ. ನಾನು ಓದಿದ್ದು ಪಿಯುಸಿವರೆಗೆ. ಇಂಗ್ಲಿಷ್ ಇದ್ದರೆ ಫೋನೇ ಕನ್ನಡ ಮಾಡಿಕೊಡುತ್ತದೆ. ಅವತ್ತು ಒಂದು ದೊಡ್ಡ ಮೇಲ್ ಬಂದಿತ್ತು. ಯಾವುದೋ ಪರದೇಶದ ನೋಂದಣಿ ಕಚೇರಿ ಅಂತೆ. ನಿಮ್ಮ ಅಂಗಡಿಯ ಹೆಸರಿನ ವೆಬ್ ವಿಳಾಸಗಳನ್ನು ತನಗೆ ಕೊಡಬೇಕೆಂದು ಒಂದು ಕಂಪನಿ ಸೋಮವಾರ ಅರ್ಜಿ ಹಾಕಿದೆ, ಅವರು ನಿಮ್ಮ ಕಡೆಯವರೇ, ನಿಮ್ಮ ಪಾಲುದಾರರೇ, ಅಲ್ಲವಾದರೆ ಏಳು ದಿನದೊಳಗೆ ಉತ್ತರ ಕೊಡಿ, ಕೊಡದಿದ್ದರೆ ಹೆಸರು ಅವರಿಗೆ ಹೋಗುತ್ತದೆ ಅಂತ ಬರೆದಿತ್ತು. ಅತ್ತೆಯ ಹೆಸರು ಯಾರೋ ಪರದೇಶದವರ ಪಾಲಾಗುವುದು ಅಂದರೇನು? ಫೋನುಗಳು ನಿಂತರೆ ನಾವು ಉಣ್ಣುವುದೇನು?

ನನ್ನ ಗಂಡ ಹಿತ್ತಲಲ್ಲಿ ಕೂತು ಕಲ್ಲಿನ ಮೇಲೆ ಮಚ್ಚು ಮಸೆಯುತ್ತಿದ್ದರು. ಮಚ್ಚು ಮಸೆಯುತ್ತಿರುವ ಮನುಷ್ಯನ ಮುಂದೆ ಇದನ್ನು ಓದಬಾರದಿತ್ತು. ಮರಿ ಕಡಿದು, ಊಟವಾಗಿ, ಸಂಜೆ ಹೇಳಬಹುದಿತ್ತು. ನಾನು ಹೆದರಿದ್ದೆ, ಹೆದರಿದವಳು ಗಂಡನ ಹತ್ತಿರ ಹೋಗದೆ ಇನ್ನೆಲ್ಲಿಗೆ ಹೋಗಲಿ. ಓದಿದೆ. ಮಸೆಯುವುದು ನಿಂತಿತು. ಇನ್ನೊಂದು ಸಲ ಓದು ಅಂದರು. ಓದಿದೆ.

"ಪಾಲುದಾರ ಅಂದ್ರೆ ಇನ್ಯಾರು? ಅವ್ನೇ" ಅಂದರು. ಕಲ್ಲಿಗೆ ನೀರು ಚಿಮುಕಿಸಿ ಮತ್ತೆ ಮಸೆಯತೊಡಗಿದರು.

ಅವನನ್ನು ಒಂದು ಮಾತು ಕೇಳಿ ಅಂದೆ. ಕೇಳ್ತೀನಿ ಅಂದರು.

ಮರಿಯನ್ನು ಒಂದೇ ಏಟಿಗೆ ಕಡಿದರು. ಆ ವಿಷಯದಲ್ಲಿ ಅವರ ಕೈ ಚೊಕ್ಕ. ದೇವರ ಕಲ್ಲಿನ ಮೇಲೆ ರಕ್ತ ಬಿತ್ತು, ನಾನು ಅರಿಶಿನ ಕುಂಕುಮ ಹಾಕಿ ಕೈ ಮುಗಿದೆ. ಎದುರು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಯಾರೋ ಹಲ್ಲುಜ್ಜುತ್ತಾ ನಿಂತಿದ್ದರು. ಮೈದುನ ಮರಿಯ ಕಾಲು ಹಿಡಿದಿದ್ದವನು ಎದ್ದು ಕೈ ಒರೆಸಿಕೊಂಡ. ನನ್ನ ಗಂಡ ಮಚ್ಚನ್ನು ಕೆಳಗಿಡಲಿಲ್ಲ.

"ಅವ್ವನ ಎಸ್ರು ಪರದೇಶದೋರ್ಗೆ ಮಾರ್ಕತಾ ಇದೀಯೇನ್ಲಾ?"

"ಯಾವ್ ಎಸ್ರು? ಏನಣ್ಣಾ ಯೋಳ್ತಾ ಇದೀಯ?"

ಅಷ್ಟೇ ಮಾತು. ಮೈದುನ ಮುಖಕ್ಕೆ ಅಡ್ಡ ಹಿಡಿದ ಬಲಗೈ ಮೇಲೆ ಏಟು ಬಿತ್ತು. ಒಣಗಿದ ಬೊಂಬು ಮಂಡಿಗೆ ಕೊಟ್ಟು ಮುರಿದ ಹಾಗೆ ಸದ್ದಾಯಿತು. ಅವನು ಕೂಗಲಿಲ್ಲ, ಕೂತುಬಿಟ್ಟ. ಅಂಗಿಯ ಮೇಲೆಲ್ಲ ರಕ್ತ. ಮಚ್ಚಿಗೆ ಅಂಟಿದ ಮರಿಯ ರಕ್ತವೋ ಅವನದೋ ಅಂತ ತಿಳಿಯದೆ ನಾನು ಮಂಡಿಯೂರಿ ಎರಡೂ ಕೈಯಲ್ಲಿ ಅವನ ತೋಳು ಸವರಿ ಸವರಿ ನೋಡಿದೆ. ಚರ್ಮ ಸೀಳಿರಲಿಲ್ಲ. ಕೈ ಮಾತ್ರ ನಡುವೆ ಬಾಗಿತ್ತು. ಅವನ ಜೇಬಿನಿಂದ ಫೋನು ಜಾರಿ ಬಿದ್ದಿತ್ತು. ನನ್ನ ಗಂಡ ಅದರ ಮೇಲೆ ಪಕ್ಕದಲ್ಲಿದ್ದ ಗುಂಡುಕಲ್ಲು ಎತ್ತಿಹಾಕಿದರು. ಒಂದು ಸಲವಲ್ಲ, ಮೂರು ಸಲ. ಎಲ್ಲ ಕಳ್ಳತನ ಅದರೊಳಗೇ ಇದೆ ಅಂದರು.

ದೊಡ್ಡಪ್ಪ ಓಡಿಬಂದು ಮಚ್ಚು ಕಿತ್ತುಕೊಂಡರು. ನಾನೂ ನನ್ನ ವಾರಗಿತ್ತಿಯೂ ಮೈದುನನನ್ನು ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಸಿಗ್ನಲ್ ಒಂದೂ ಕೆಂಪು ಬೀಳಲಿಲ್ಲ. ಹೆಬ್ಬಾಳದಲ್ಲಿ ಹಾಗಾಗುವುದು ದೇವರು ಕಣ್ಣು ಬಿಟ್ಟ ಹಾಗೆಯೇ. ಹೇಗಾಯಿತು ಅಂತ ಡಾಕ್ಟರು ಕೇಳಿದರು. ಶಾಮಿಯಾನ ಕಟ್ಟುವಾಗ ಏಣಿಯಿಂದ ಬಿದ್ದೆ ಅಂದ ಮೈದುನ. ಡಾಕ್ಟರು ಅವನ ಅಂಗಿಯನ್ನು ನೋಡಿದರು, ನಮ್ಮ ಮುಖ ನೋಡಿದರು, ಇನ್ನೊಂದು ಸಲ ಕೇಳಿದರು. ಅವನು ಇನ್ನೊಂದು ಸಲವೂ ಏಣಿ ಅಂದ. ಅಣ್ಣನನ್ನು ಪೊಲೀಸರ ಕೈಗೆ ಕೊಡಬಾರದೆಂದು, ಮುರಿದ ಕೈ ಇಟ್ಟುಕೊಂಡು ಏಣಿಯ ಕತೆ ಕಟ್ಟುತ್ತಿದ್ದ.

ಹೊರಗೆ ಬೆಂಚಿನ ಮೇಲೆ ವಾರಗಿತ್ತಿ ಕೇಳಿದಳು, ಭಾವನಿಗೆ ಏನು ಬಂದಿತ್ತು ಅಂತ. ನಾನು ಸುಳ್ಳು ಹೇಳಲಿಲ್ಲ. ಮೇಲ್ ಬಂತು, ನಾನು ಓದಿ ಹೇಳಿದೆ ಅಂದೆ. ಅವಳು ಎದ್ದು ನನ್ನ ಕೆನ್ನೆಗೆ ಹೊಡೆದಳು. ಒಂದು ಕೆನ್ನೆಗೆ ಹೊಡೆದು ಇನ್ನೊಂದಕ್ಕೂ ಹೊಡೆದಳು. ಸಾಲಾಗಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ನನಗಿಂತ ಹತ್ತು ವರ್ಷ ಚಿಕ್ಕವಳು, ಅಕ್ಕ ಅಂತ ಕರೆಯುವವಳು. ನಾನು ಕೈ ಅಡ್ಡ ಹಿಡಿಯಲಿಲ್ಲ.

ಮೂರನೇ ದಿನ ಆಸ್ಪತ್ರೆಯಲ್ಲಿ ಮೈದುನ ಆ ಮೇಲ್ ತೋರಿಸಿ ಅಂದ. ಕೈಗೆ ರಾಡು ಹಾಕಿ ಕಟ್ಟು ಕಟ್ಟಿದ್ದರು. ಎಡಗೈಯಲ್ಲಿ ನನ್ನ ಫೋನು ಹಿಡಿದು ಓದಿದ. ಓದುತ್ತಾ ಓದುತ್ತಾ ನಗತೊಡಗಿದ. ನಕ್ಕರೆ ಕೈ ಅಲುಗಿ ನೋವಾಗುತ್ತಿತ್ತು, ಕಣ್ಣಲ್ಲಿ ನೀರು ಬಂತು, ಆದರೂ ನಗು ನಿಲ್ಲಲಿಲ್ಲ.

"ಇದಕ್ಕಾ ಅತ್ಗೆ? ಇದು ನಂಗೂ ಬಂದಿತ್ತು. ಓದ್ ವರ್ಸ ಎರಡ್ ಸಲ. ಓದ್ಬುಟ್ಟು ಬಿಸಾಕ್ದೆ."

ಆಮೇಲೆ ಮಗ್ಗಿ ಹೇಳಿಕೊಡುವವನ ಹಾಗೆ ಒಂದೊಂದೇ ತೋರಿಸಿದ. ಮೇಲಿನ ಸಾಲು ನೋಡಿ ಅಂದ. ಮಾನ್ಯ ಮುಖ್ಯಸ್ಥರೇ ಅಂತಿತ್ತು, ನಮ್ಮ ಯಾರ ಹೆಸರೂ ಇರಲಿಲ್ಲ. ನಿಜವಾದ ಕಚೇರಿಗೆ ಯಾರ ಹತ್ತಿರ ವ್ಯವಹಾರ ಅಂತ ಗೊತ್ತಿರುವುದಿಲ್ಲವೇ? ಕಳಿಸಿದವರ ವಿಳಾಸ ಒತ್ತಿ ನೋಡಿದರೆ ನಮಗೆ ವೆಬ್ ವಿಳಾಸ ಮಾರಿದ ಕಂಪನಿಯ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಹೆಸರು ಮಾರುವವನು ಕೇಳಿದವರಿಗೆ ಮಾರುತ್ತಾನೆ, ಊರೂರು ತಿರುಗಿ ನಿಮ್ಮದಾ ಅಂತ ಅಪ್ಪಣೆ ಕೇಳುವುದಿಲ್ಲ. ಅರ್ಜಿ ಹಾಕಿದ ಕಂಪನಿ ಅನ್ನುವುದೇ ಸುಳ್ಳು. ನಾವು ಹೆದರಿ ಉತ್ತರ ಬರೆದರೆ, ಹಾಗಾದರೆ ನೀವೇ ಕೊಂಡುಕೊಳ್ಳಿ ಅಂತ ನಮಗೆ ಬೇಡದ ನಾಲ್ಕು ಹೆಸರು ತಲೆಗೆ ಕಟ್ಟುತ್ತಾರೆ. ಏಳು ದಿನ ಅಂತ ಗಡುವು ಹಾಕುವುದು ಯೋಚನೆ ಮಾಡಲು ಬಿಡಬಾರದೆಂದು.

ನಮಗೆ ಏಳು ದಿನವೂ ಬೇಕಾಗಿರಲಿಲ್ಲ, ಒಂದು ಗಂಟೆ ಸಾಕಾಗಿತ್ತು. ಎಲ್ಲೋ ಕೂತು ಸಾವಿರ ಜನಕ್ಕೆ ಒಂದೇ ಕಾಗದ ಕಳಿಸಿದವನಿಗೆ, ಇಲ್ಲಿ ಒಬ್ಬ ಮಚ್ಚು ಮಸೆಯುತ್ತಾ ಅದನ್ನು ಕೇಳಿಸಿಕೊಂಡ ಅಂತ ಯಾವತ್ತಾದರೂ ತಿಳಿಯುತ್ತದೆಯೇ? ಅವನ ಕೈ ಸೇದಿಹೋಗಲಿ ಅಂತ ಅಂದುಕೊಂಡೆ. ದೇವರೇ, ತಪ್ಪಾಯಿತು, ಆದರೆ ಅಂದುಕೊಂಡೆ.

ನಗು ನಿಂತ ಮೇಲೆ ಮೈದುನನಿಗೆ ಏನೋ ನೆನಪಾಯಿತು. ಯಾವ ವಿಳಾಸ ಯಾರ ಮೂಲಕ ಕೊಂಡದ್ದು, ಯಾವತ್ತಿನವರೆಗೆ ಇರುತ್ತದೆ ಅಂತ ಯಾರು ಬೇಕಾದರೂ ನೋಡಬಹುದಾದ ಒಂದು ಪುಟವಿದೆ. ಅದನ್ನು ತೆಗೆಸಿ, ಅತ್ತೆಯ ಹೆಸರನ್ನು ನನ್ನ ಕೈಯಲ್ಲೇ ಹೊಡೆಸಿದ. ತಾರೀಕು ಬಂತು. ಇನ್ನು ಹನ್ನೊಂದು ದಿನ.

"ಅದು ಸುಳ್ಳು, ಇದು ನಿಜ. ಈ ತಾರೀಕಿಗೆ ರಿನ್ಯೂ ಮಾಡ್ಲಿಲ್ಲ ಅಂದ್ರೆ ಮೊದ್ಲು ಸೈಟ್ ನಿಂತೋಯ್ತದೆ, ಆಮೇಲೆ ದಾರೀಲ್ ಓಗೋನೂ ಎತ್ಕಬೋದು."

ಪ್ರತಿ ವರ್ಷ ಯಾರು ಮಾಡುತ್ತಿದ್ದರು ಅಂತ ಕೇಳಿದೆ. ನಾನೇ, ಇನ್ಯಾರು ಅಂದ. ಪಾಲಾದ ಮೇಲೂ ಅವನೇ ಮಾಡಿದ್ದ. ಪಾಲುಪತ್ರದಲ್ಲಿ ಅದು ಇಲ್ಲ ಅಂತ ಅವನೊಬ್ಬನಿಗೆ ಗೊತ್ತಿತ್ತು. ಒಂದು ದಿನದಲ್ಲಿ ನಮ್ಮ ನಂಬರು ತೆಗೆದು ತನ್ನ ನಂಬರು ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡಿರಲಿಲ್ಲ.

ಈ ಸಲ ಅವನಿಂದ ಆಗುತ್ತಿರಲಿಲ್ಲ. ಪಾಸ್‌ವರ್ಡು ಆ ಫೋನಿನಲ್ಲಿತ್ತು, ಮರೆತರೆ ಓಟಿಪಿ ಬರುವುದೂ ಆ ಸಿಮ್ಮಿಗೆ. ಗುಂಡುಕಲ್ಲಿನ ಕೆಳಗೆ ಎರಡೂ ಪುಡಿಯಾಗಿದ್ದವು. ಹೊಸ ಸಿಮ್ ಮಾಡಿಸಲು ಅವನೇ ಬಂದು ಹೆಬ್ಬೆಟ್ಟು ಕೊಡಬೇಕು. ಮಾಡಿಸು ಅಂತ ಕೇಳುವ ಬಾಯಿ ನನಗೆಲ್ಲಿತ್ತು? ವಾರಗಿತ್ತಿಯೇ ಮಾತು ಮುಗಿಸಿದಳು. "ಸಾಯ್ಲಿ ಬಿಡಕ್ಕ ಆ ಎಸ್ರು. ನಮ್ ಮನೆಯೋರ್ ಕೈಗಿಂತ ದೊಡ್ದಾ ಅದು?" ಮೈದುನ ಗೋಡೆಯ ಕಡೆ ತಿರುಗಿ ಮಲಗಿದ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಮೇಲ್ ಸುಳ್ಳು, ನಿಮ್ಮ ತಮ್ಮ ಏನೂ ಮಾಡಿಲ್ಲ, ಇಷ್ಟು ದಿನ ಆ ವಿಳಾಸ ಉಳಿದದ್ದೇ ಅವನಿಂದ ಅಂದೆ. ಅವರು ಪಾತ್ರೆ ಕೋಣೆಯಲ್ಲಿ ಸೌಟುಗಳನ್ನು ಕಟ್ಟಿಡುತ್ತಿದ್ದರು. ಬೆನ್ನು ತಿರುಗಿಸಿಕೊಂಡೇ, ಅವನ ಮಾತೇ ಸುಳ್ಳು ಅಂದರು. ಅವನು ಹೇಳಿದ, ನೀನು ನಂಬಿದೆ ಅಂದರು. ನಾನು ಫೋನಿನಲ್ಲಿ ತಾರೀಕು ತೋರಿಸಲು ಹತ್ತಿರ ಹೋದೆ. ಎರಡೂ ಭುಜ ಹಿಡಿದು ತಳ್ಳಿದರು. ಕೊಪ್ಪರಿಗೆಯ ಕಂಠ ನನ್ನ ಹಣೆಗೆ ಬಡಿಯಿತು. ಬಿದ್ದವಳ ಮೇಲೆ ಸೌಟಿನ ಕಟ್ಟು ಬಿತ್ತು. ಅವರು ಅದನ್ನು ಎಸೆದರೋ, ಅದೇ ಜಾರಿತೋ, ನಾನು ನೋಡಲಿಲ್ಲ. ರಕ್ತ ಕಣ್ಣಿಗಿಳಿದಿತ್ತು.

ಏನೂ ಇಲ್ಲದ್ದಕ್ಕೆ ತಮ್ಮನ ಕೈ ಮುರಿದೆ ಅಂತ ಒಪ್ಪಿಕೊಳ್ಳುವುದು ಅವರಿಗೆ ಆಗುತ್ತಿರಲಿಲ್ಲ. ಮೇಲ್ ನಿಜವಾಗಿದ್ದರೆ ಮಾತ್ರ ಅವರು ತಲೆಯೆತ್ತಿ ನಿಲ್ಲಬಹುದಿತ್ತು. ಅದಕ್ಕೇ ಅದನ್ನು ನಿಜ ಮಾಡಲು ನನ್ನನ್ನು ಹೊಡೆದರು. ಆ ಹೊತ್ತಿಗೆ ಇದೆಲ್ಲ ಹೊಳೆಯಲಿಲ್ಲ. ನಾಲ್ಕು ಹೊಲಿಗೆ ಹಾಕಿಸಿಕೊಂಡು ಬರುವಾಗ ಹೊಳೆಯಿತು. ಕಣ್ಣಿನಿಂದ ಒಂದು ಬೆರಳು ಮೇಲೆ ಬಿದ್ದಿತ್ತು ಗಾಯ. ಕಣ್ಣು ಉಳಿಸಿದೆಯಲ್ಲ ತಂದೆ ಅಂತ ಬೇವಿನ ಮರದ ಹತ್ತಿರ ಆಟೋ ನಿಲ್ಲಿಸಿ ಕೈ ಮುಗಿದೆ.

ಮೂಳೆ ಮುರಿದವರಿಗೆ ಕಾಲು ಸೂಪು ಕುಡಿಸುವುದು ನಮ್ಮಲ್ಲಿ ರೂಢಿ. ನಾನು ಮಾರನೇ ದಿನದಿಂದ ಮೇಕೆ ಕಾಲು ಬೇಯಿಸಿ, ಮೆಣಸು ಹಾಕಿ, ಡಬ್ಬಿಯಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಹೋಗತೊಡಗಿದೆ. ವಿಳಾಸದ ಮಾತು ಎತ್ತಬಾರದು ಅಂತ ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಮೊದಲ ದಿನ ಮೈದುನ ಮುಟ್ಟಲಿಲ್ಲ. ಎರಡನೇ ದಿನ ವಾರಗಿತ್ತಿ ಡಬ್ಬಿ ಕಿತ್ತುಕೊಂಡು ಕಾರಿಡಾರಿನ ಗೋಡೆಗೆ ಬಡಿದಳು. ಬಿಸಿ ಸೂಪು ನನ್ನ ಪಾದದ ಮೇಲೆ ಬಿದ್ದು ಬೊಬ್ಬೆ ಎದ್ದಿತು. ಆಯಾ ಬೈದುಕೊಂಡು ನೆಲ ಒರೆಸಿದಳು, ನಾನೂ ಕೂತು ಒರೆಸಿದೆ. ದಿನ ಕಳೆಯುತ್ತಿತ್ತು. ಹನ್ನೊಂದು ಹೋಗಿ ಎಂಟಾಯಿತು, ಏಳಾಯಿತು. ಫೋನು ಬಂದಾಗಲೆಲ್ಲ, ಇನ್ನು ಎಷ್ಟು ಸಲ ಬರುತ್ತೀಯಪ್ಪ ಅಂತ ಅದರ ಮುಖ ನೋಡುತ್ತಿದ್ದೆ.

ಆ ನಡುವೆ ಇನ್ನೊಂದು ಮೇಲ್ ಬಂತು. ನಿಮ್ಮ ವಿಳಾಸ ನಾಳೆಗೆ ಮುಗಿಯುತ್ತದೆ, ಇಲ್ಲಿ ಒತ್ತಿ ದುಡ್ಡು ಕಟ್ಟಿ ಅಂತ. ಮೊದಲಿನ ನಾನಾಗಿದ್ದರೆ ಒತ್ತಿಬಿಡುತ್ತಿದ್ದೆ. ಈಗ ನಿಜವಾದ ತಾರೀಕು ನನಗೆ ಗೊತ್ತಿತ್ತು, ನಾಳೆ ಅನ್ನುವುದು ಸುಳ್ಳು ಅಂತ ಗೊತ್ತಾಯಿತು. ಕಳಿಸಿದವರ ಹೆಸರು ನೋಡಿದೆ, ನಮಗೆ ವಿಳಾಸ ಮಾರಿದ ಕಂಪನಿಯಲ್ಲ. ಅಳಿಸಿ ಹಾಕಿದೆ. ಗಂಡನನ್ನು ಕೂಗಲಿಲ್ಲ.

ಮೈದುನ ಮನೆಗೆ ಬಂದ ದಿನ ಡಬ್ಬಿ ಹಿಡಿದುಕೊಂಡು ಅಲ್ಲಿಗೇ ಹೋದೆ. ಅಷ್ಟು ದಿನ ಸೆರಗು ಮುಂದೆಳೆದುಕೊಂಡು ಹಣೆ ಮುಚ್ಚಿಕೊಂಡಿದ್ದೆ. ಅವತ್ತು ಚಪ್ಪಲಿ ಬಿಡಲು ಬಗ್ಗಿದಾಗ ಸೆರಗು ಜಾರಿತು. ಅವನು ಹೊಲಿಗೆ ನೋಡಿದ.

"ಅಣ್ಣನಾ?"

"ಕೊಪ್ಪರಿಗೆ ತಗುಲ್ತು ಕಣಪ್ಪ."

"ನಂಗೂ ಏಣಿನೇ ಅಲ್ವಾ ಅತ್ಗೆ" ಅಂದ.

ವಾರಗಿತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಅವಳೇ ಬಂದು ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು, ಲೋಟಕ್ಕೆ ಬಗ್ಗಿಸಿ, ಗಂಡನ ಬಾಯಿಗೆ ಹಿಡಿದಳು. ಅವನು ಕುಡಿದು ಬಾಯಿ ಒರೆಸಿಕೊಂಡು ಹೇಳಿದ.

"ಅಣ್ಣಂಗೆ ಕೊಡಾಕಿಲ್ಲ. ನನ್ ಅತ್ರ ಇದ್ರೆ ಅವ್ನು ಇನ್ನೊಂದ್ ಕೈ ಮುರೀತಾನೆ. ನಿಮ್ ಎಸ್ರಿಗೆ ಮಾಡ್ತೀನಿ. ಪಾಲುಪತ್ರದಾಗೆ ಬರೀಬೇಕು, ದೊಡ್ಡಪ್ಪನ್ ಮುಂದೆ."

ನನಗೆ ಬೇಡ ಅಂದೆ. ನನ್ನ ಹೆಸರಿನಲ್ಲಿ ಈ ಲೋಕದಲ್ಲಿ ಇದ್ದದ್ದು ಒಂದು ರೇಷನ್ ಕಾರ್ಡು, ಒಂದು ಗ್ಯಾಸು. ಬೇಡ ಅಂದರೆ ಅದು ಸಾಯುತ್ತದೆ, ಅಷ್ಟೇ ಅಂದ. ಇನ್ನು ಐದು ದಿನವಿತ್ತು.

ಅದೇ ಮಧ್ಯಾಹ್ನ ಆರ್.ಟಿ. ನಗರಕ್ಕೆ ಆಟೋದಲ್ಲಿ ಹೋಗಿ ಹೊಸ ಸಿಮ್ ಮಾಡಿಸಿದೆವು. ಬಲಗೈ ಊದಿ ಕಟ್ಟಿನೊಳಗಿತ್ತು, ಎಡಗೈ ಹೆಬ್ಬೆಟ್ಟು ಕೊಟ್ಟ. ಹೊಸ ಸಿಮ್ಮಿಗೆ ಮೊದಲ ದಿನ ಮೆಸೇಜು ಬರುವುದಿಲ್ಲವಂತೆ, ನಾಳೆ ಓಟಿಪಿ ಬರುತ್ತದೆ ಅಂದರು ಅಂಗಡಿಯವರು. ಹಾಗಾಗಿ ಮಾರನೇ ದಿನ ಎಲ್ಲರೂ ದೊಡ್ಡಪ್ಪನವರ ಜಗಲಿಯ ಮೇಲೆ ಕೂತೆವು.

ದೊಡ್ಡಪ್ಪ ಪಾಲುಪತ್ರ ಬಿಚ್ಚಿಟ್ಟುಕೊಂಡು, ಇದನ್ನು ಏನಂತ ಬರೆಯಲಿ ಅಂತ ಪೆನ್ನು ಹಿಡಿದು ಕೂತರು. ಉದ್ದ ಅಗಲ ಇಲ್ಲ, ತೂಕ ಇಲ್ಲ, ಚೆಕ್ಕುಬಂದಿ ಇಲ್ಲ. ಕೊನೆಗೆ, ತಾಯಿಯ ಹೆಸರಿನ ವೆಬ್ ವಿಳಾಸ ಹಿರಿಯ ಸೊಸೆಯ ವಶದಲ್ಲಿರತಕ್ಕದ್ದು, ಅದರಿಂದ ಬರುವ ಕೆಲಸ ಎರಡೂ ಮನೆಗೆ ಸೇರತಕ್ಕದ್ದು ಅಂತ ಬರೆದು ಓದಿದರು. ನನ್ನ ಗಂಡ ಎದ್ದು ಎಲೆಅಡಿಕೆ ತಟ್ಟೆಯನ್ನು ಒದ್ದರು. ತಟ್ಟೆ ಹಾರಿ ಬೀದಿಗೆ ಬಿತ್ತು. ಹೆಂಗಸಿನ ಕೈಗೆ ಅಂಗಡಿ ಕೊಡುತ್ತೀರಾ ಅಂತ ದೊಡ್ಡಪ್ಪನವರ ಕೊರಳಪಟ್ಟಿಗೆ ಕೈ ಹಾಕಿದರು. ಎಪ್ಪತ್ತೆಂಟು ವರ್ಷದ ಮುದುಕರು ಅಲುಗಲಿಲ್ಲ.

"ನಿನ್ ತಮ್ಮ ಆಸ್ಪತ್ರೇಲಿ ಏಣಿ ಅಂದ. ಈಗ್ಲೂ ಟೇಸನ್‌ಗೆ ಓಗಿ ಮಚ್ಚು ಅನ್ಬೋದು. ರುಜು ಆಕ್ತೀಯೋ ಇಲ್ವೋ?"

ರುಜು ಹಾಕಿದರು. ಪೆನ್ನಿನ ಮೊನೆ ಕಾಗದ ಹರಿದು ಕೆಳಗಿನ ಮಣೆಗೆ ಇಳಿಯಿತು.

ಸಂಜೆ ಮೈದುನನ ಮನೆಯಲ್ಲಿ ಓಟಿಪಿ ಬಂತು. ಅವನು ಹೇಳುತ್ತಾ ಹೋದ, ನಾನು ಒತ್ತುತ್ತಾ ಹೋದೆ. ಅವನ ಹೆಸರು ತೆಗೆದು ನನ್ನ ಹೆಸರು, ನನ್ನ ಹೊಸ ಇ-ಮೇಲು, ನನ್ನ ನಂಬರು ಹಾಕಿದೆವು. ಮುಂದಿನ ಮೂರು ವರ್ಷಕ್ಕೆ ರಿನ್ಯೂ ಮಾಡಿದೆವು. ಯಾರೂ ಬೇರೆ ಕಂಪನಿಗೆ ಎತ್ತಿಕೊಂಡು ಹೋಗದ ಹಾಗೆ ಲಾಕ್ ಹಾಕುವ ಜಾಗ ತೋರಿಸಿದ. ಪಾಸ್‌ವರ್ಡು ಗೊತ್ತಿದ್ದರೂ ಫೋನಿಗೆ ನಂಬರು ಬಂದರೆ ಮಾತ್ರ ಬಾಗಿಲು ತೆಗೆಯುವ ಹಾಗೆ ಮಾಡಿದ. ಮೇಲ್‌ನಲ್ಲಿ ಬಂದ ಕೊಂಡಿಯನ್ನು ಯಾವತ್ತೂ ಒತ್ತಬೇಡಿ, ಅನುಮಾನ ಬಂದರೆ ನೀವೇ ವಿಳಾಸ ಹೊಡೆದು ಒಳಗೆ ಹೋಗಿ ತಾರೀಕು ನೋಡಿ ಅಂದ. ಹೊಸ ಪಾಸ್‌ವರ್ಡು ಹಾಕುವಾಗ ಅವನು ಮುಖ ತಿರುಗಿಸಿಕೊಂಡ.

"ಯಾರ್ಗೂ ಯೋಳ್ಬೇಡಿ. ಅಣ್ಣಂಗೂ ಬ್ಯಾಡ, ನಂಗೂ ಬ್ಯಾಡ."

ಬರೆದಿಡಲಿಲ್ಲ. ಬೆಳಗ್ಗೆ ದೇವರ ನಾಮ ಹೇಳುವಾಗ ಕೊನೆಗೆ ಮನಸ್ಸಿನಲ್ಲೇ ಒಂದು ಸಲ ಹೇಳಿಕೊಳ್ಳುತ್ತೇನೆ. ಮರೆಯುವ ಭಯವಿಲ್ಲ.

ನಾಲ್ಕನೇ ದಿನ ನಾನು ರೊಟ್ಟಿ ತಟ್ಟುತ್ತಿದ್ದಾಗ ಗಂಡ ಬಂದು ಪಾಸ್‌ವರ್ಡು ಕೇಳಿದರು. ಹೇಳಲಿಲ್ಲ. ಹಿಟ್ಟು ಹತ್ತಿದ್ದ ನನ್ನ ಕೈಯನ್ನು ಹಿಂದಕ್ಕೆ ತಿರುವಿದರು. ಮೊಣಕೈ ಹತ್ತಿರ ಏನೋ ಲಟಕ್ ಅಂದಿತು. ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಾನು ಅವರಿಗೆ ಎದುರು ಹೇಳಿದ್ದು ಇದೊಂದೇ ಮಾತು.

"ರೀ, ಮುರೀರಿ. ನಿಮ್ ತಮ್ಮಂದು ಮುರಿದ್ರಿ, ನಂದೂ ಮುರೀರಿ. ಮುರಿದ್ ಮೇಲೂ ಹೇಳಲ್ಲ. ನಾನು ಹೇಳ್ಲಿಲ್ಲ ಅಂದ್ರೆ ಅದು ನಿಮಗೆ ಯಾವತ್ತೂ ಸಿಗಲ್ಲ."

ಅವರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಮಚ್ಚಿನಿಂದಲೋ ಗುಂಡುಕಲ್ಲಿನಿಂದಲೋ ಒಡೆದು ತೆಗೆಯುವಂಥದ್ದಲ್ಲ ಇದು ಅಂತ ಅವರಿಗೆ ಆಗ ಅರ್ಥವಾಗಿರಬೇಕು. ಕೈ ಬಿಟ್ಟರು. ಹೊರಗೆ ಹೋಗಿ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದರೆಂದರೆ ಮೇಲಿನ ಗಾರೆ ಉದುರಿತು. ನಾನು ಸೀದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟು, ಇನ್ನೊಂದು ಕೈಯಲ್ಲಿ ಉಳಿದ ಹಿಟ್ಟು ತಟ್ಟಿದೆ.

ಆ ವಾರವೇ ಯಲಹಂಕದಿಂದ ಫೋನು ಬಂತು. ಗೃಹಪ್ರವೇಶ, ವೆಬ್‌ಸೈಟು ನೋಡಿದೆವು, ನೂರು ಕುರ್ಚಿ, ಅಡುಗೆ ಪಾತ್ರೆ, ಬಾಗಿಲಿಗೊಂದು ಶಾಮಿಯಾನ ಬೇಕು ಅಂದರು. ಪಾಲಾದ ಮೇಲೆ ಇಂಥವು ಬಂದರೆ ನನ್ನ ಗಂಡ ಬಟ್ಟೆ, ಕಂಬಗಳನ್ನು ಯಶವಂತಪುರದ ಇನ್ನೊಬ್ಬರ ಹತ್ತಿರ ಬಾಡಿಗೆಗೆ ತರುತ್ತಿದ್ದರು, ತಮ್ಮನಿಗೆ ಹೇಳುತ್ತಿರಲಿಲ್ಲ. ನಾನು ಫೋನಿಟ್ಟು ಮೈದುನನಿಗೆ ಹೇಳಿದೆ. ಅವನ ಗೂಡ್ಸ್ ಆಟೋ ಬಟ್ಟೆ, ಕಂಬ ಹೇರಿಕೊಂಡು ಬೆಳಗ್ಗೆ ನಮ್ಮ ಅಂಗಡಿಯ ಮುಂದೆ ಬಂದು ನಿಂತಿತು.

ಶಾಮಿಯಾನ ಯಾರದು ಅಂತ ಕೇಳಿದರು ನನ್ನ ಗಂಡ, ಗಾಡಿ ನೋಡಿ ಗುರುತು ಸಿಕ್ಕಿದ್ದರೂ.

ನಿಮ್ಮ ತಮ್ಮಂದು, ನಾನೇ ಹೇಳಿ ಕಳಿಸಿದ್ದೇನೆ ಅಂದೆ.

ಕೈಯಲ್ಲಿದ್ದ ಕುರ್ಚಿಯನ್ನು ಎತ್ತಿ ಗೋಡೆಗೆ ಒಗೆದರು. ಅದರ ಕಾಲು ಮುರಿದು ಚರಂಡಿಯ ಹತ್ತಿರ ಹೋಗಿ ಬಿತ್ತು. ಆಮೇಲೆ ಉಳಿದ ಕುರ್ಚಿಗಳನ್ನು ಹತ್ತು ಹತ್ತು ಜೋಡಿಸಿ ತಮ್ಮನ ಗಾಡಿಗೆ ಹೇರಿದರು. ನೂರಕ್ಕೆ ಒಂದು ಕಡಿಮೆ ಬಿದ್ದಿತ್ತು. ಮನೆಯೊಳಗಿನಿಂದ ನಾನು ಕೂರುವ ಕುರ್ಚಿಯನ್ನು ತಂದು ಮೇಲೆ ಇಟ್ಟೆ.